ನನ್ನ ಮೊಪೆಡ್ಡಿಗೆ ಬಲ ತುಂಬಿದ ಮೇಸ್ತ್ರಿ

ಮೊನ್ನೆ ಬೆಳಿಗ್ಗೆ ಬಂಗಾರಪೇಟೆಯ ನಮ್ಮ ಮನೆಯ ಪಕ್ಕದ ಖಾಲಿ ಸೈಟಿನಲ್ಲಿ ಒಬ್ಬಾತ ಹೆಗಲಿಗೆ ಮಿಷನ್ನು ತೂಗುಹಾಕಿಕೊಂಡು ಹುಲ್ಲು ಕತ್ತರಿಸುತ್ತಿದ್ದ. ಪೆಟ್ರೋಲಿಗೆ ಆಯಿಲ್ ಬೆರೆಸಿ ಓಡಿಸುವ ಪುಟ್ಟ ಇಂಜಿನ್ನು ಅದು. ನೀಲಿ ಹೊಗೆ ಕಿಟಕಿಯಿಂದ ಅಡುಗೆಮನೆಗೆ ನುಗ್ಗಿತು. ಸುಟ್ಟ ಆಯಿಲಿನ ಆ ಜಿಡ್ಡು ವಾಸನೆ ಮೂಗಿಗೆ ಬಡಿಯಿತು. ಕಿಟಕಿ ಮುಚ್ಚಿದೆ. ವಾಸನೆ ಹೋಗಲಿಲ್ಲ... ಆಂಡರ್ಸನ್‌ಪೇಟೆಯ ಮೇಸ್ತ್ರಿ ನೆನಪಾದರು.

ಆಗ ಮನಸ್ಸಿನಲ್ಲಿ ನಾನು ಅವರನ್ನು ‘ಅವನು’ ಅಂತಲೇ ಅಂದುಕೊಳ್ಳುತ್ತಿದ್ದೆ. ಈಗ ಬರೆಯುವಾಗ ತಾನಾಗಿ ‘ಅವರು’ ಬರುತ್ತದೆ. ಅದರಿಂದ ಅವರಿಗೆ ಆಗಬೇಕಾದದ್ದೇನೂ ಇಲ್ಲ.

ಎಂಬತ್ತರ ದಶಕದ ನಡುವಿನ ಮಾತು. ನಾನು ಕಿರಿಯ ಆರೋಗ್ಯ ಸಹಾಯಕಿ, ಜನರ ಬಾಯಲ್ಲಿ ನರ್ಸಮ್ಮ. ಬಂಗಾರಪೇಟೆ ಕಡೆಯ ಒಕ್ಕಲು ಮನೆತನದಿಂದ ಬಂದವಳು. ಚಿನ್ನದ ಗಣಿಯ ಪಕ್ಕದ ಆಂಡರ್ಸನ್‌ಪೇಟೆಯಲ್ಲಿ ಬಾಡಿಗೆ ಕೋಣೆ, ಬೇತಮಂಗಲದ ಸುತ್ತಲಿನ ಹಳ್ಳಿಗಳಲ್ಲಿ ಕೆಲಸ. ಮಕ್ಕಳಿಗೆ ಹಾಕುವ ಲಸಿಕೆಯನ್ನು ಐಸ್ ತುಂಬಿದ ಡಬ್ಬದಲ್ಲಿಟ್ಟುಕೊಂಡು ಹೋಗಬೇಕಿತ್ತು. ಐಸ್ ಕರಗಿತೆಂದರೆ ಲಸಿಕೆ ನೀರಿಗೆ ಸಮ. ಬಸ್ಸು ನಂಬಿ ಕೆಟ್ಟ ಮೇಲೆ ಒಂದು ಹಳೆಯ ಮೊಪೆಡ್ ಕೊಂಡೆ. ಸಪಾಟು ರಸ್ತೆಯಲ್ಲಿ ಅದು ಚೆನ್ನಾಗಿಯೇ ಓಡುತ್ತಿತ್ತು. ಏರು ಬಂತೆಂದರೆ ಏದುಸಿರು ಬಿಟ್ಟು ನಿಲ್ಲುತ್ತಿತ್ತು. ನಾನು ಇಳಿದು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ತಳ್ಳಬೇಕು. ಬೇಸಿಗೆಯ ಒಂದು ದಿನ ಹಾಗೆ ಏರಿನ ಮೇಲೆ ಏರು ತಳ್ಳಿಕೊಂಡು ಹೋಗಿ ಡಬ್ಬ ತೆರೆದರೆ ಒಳಗೆ ಬೆಚ್ಚನೆಯ ನೀರು. ಹುಣಸೆಮರದ ಕೆಳಗೆ ಮಕ್ಕಳನ್ನೆತ್ತಿಕೊಂಡು ಕಾದಿದ್ದ ತಾಯಂದಿರನ್ನು ವಾಪಸು ಕಳಿಸಿದೆ. ಒಬ್ಬಳು ಕೂಲಿ ಬಿಟ್ಟು ಬಂದಿದ್ದಳು. “ಇನ್ನೊಂದ್ಸಲ ನಾನು ಬರಾಕಿಲ್ಲ ಬಿಡಕ್ಕ” ಎಂದು ಮಗುವನ್ನು ಕಂಕುಳಿಗೆ ಹಾಕಿಕೊಂಡು ನಡೆದಳು.

ಮರುದಿನವೇ ಮೇಸ್ತ್ರಿಯ ಶೆಡ್ಡಿಗೆ ಹೋದೆ. ತಗಡಿನ ಶೆಡ್ಡು, ಅದರ ಹಿಂದೆಯೇ ಅವರ ಮನೆ. ಹಿಂದೆ ಚಿನ್ನದ ಗಣಿಯೊಳಗೆ ಬಂಡೆ ಕೊರೆಯುವ ಮಿಷನ್ ಹಿಡಿದಿದ್ದವರು. ಎದೆ ಹಾಳಾಗಿ ಕೆಲಸ ಬಿಟ್ಟು, ಮೊಪೆಡ್ಡು ಸ್ಕೂಟರುಗಳ ರಿಪೇರಿ ಹಿಡಿದಿದ್ದರು. ಮನೆಮಾತು ತಮಿಳು, ನನ್ನಂಥವರ ಹತ್ತಿರ ಕನ್ನಡ. ಸಣ್ಣ ಇಂಜಿನ್ನಿನಿಂದ ದೊಡ್ಡ ಕೆಲಸ ತೆಗೆಯುವುದರಲ್ಲಿ ಆ ಕಡೆ ಅವರನ್ನು ಬಿಟ್ಟರೆ ಇಲ್ಲ ಎನ್ನುತ್ತಿದ್ದರು.

ಮೊದಲ ದಿನವೇ ನನಗೆ ವಾಕರಿಕೆ ಬಂತು. ಟ್ಯಾಂಕಿಗೆ ಪೈಪು ಇಳಿಸಿ ಬಾಯಿಂದ ಪೆಟ್ರೋಲ್ ಎಳೆದರು, ತುಪುಕ್ಕೆಂದು ಉಗಿದರು. ಪ್ಲಗ್ ಬಿಚ್ಚಿ ಅದರ ಮಸಿಯನ್ನು ಬೆರಳಿಂದ ತೆಗೆದು ನಾಲಿಗೆಯ ತುದಿಗೆ ತಾಗಿಸಿದರು. “ಆಯಿಲು ಜಾಸ್ತಿ ಕುಡೀತಾ ಐತೆ” ಎಂದರು, ಸಾರಿಗೆ ಉಪ್ಪು ನೋಡಿದವರ ಹಾಗೆ. ಕೆಮ್ಮು ಬಂದಾಗಲೆಲ್ಲ ಕಾಲ ಬಳಿ ಇಟ್ಟುಕೊಂಡಿದ್ದ ತಗಡಿನ ಡಬ್ಬಿಗೆ ಉಗಿಯುತ್ತಿದ್ದರು. ಅದರ ಸುತ್ತ ನೊಣ. ನಾನು ಸೆರಗಿನಿಂದ ಮೂಗು ಮುಚ್ಚಿಕೊಂಡೆ. ಮುಚ್ಚಿಕೊಂಡದ್ದು ಅವರಿಗೆ ಕಾಣಿಸಲಿ ಅಂತಲೂ ಇತ್ತೇನೋ...

“ನಿಮಗೆ ಸ್ಪೀಡ್ ಬೇಕಾ ಅಮ್ಮಾ, ಏರು ಎಳೆಯೋ ಪುಲ್ಲಿಂಗ್ ಬೇಕಾ?” ಎಂದು ಕೇಳಿದರು.

“ಎರಡೂ ಬೇಕು.”

“ಎರಡೂ ಒಂದೇ ಇಂಜಿನ್ನಾಗೆ ಸಿಕ್ಕಲ್ಲಮ್ಮಾ. ಈ ಉಡುಗ್ರು ಬಂದು ಹೊಗೆ ಓಗೋ ತೂತ ಅರದಾಗೆ ಉಜ್ಜಿ ಮೇಲಕ್ಕೆ ದೊಡ್ಡದು ಮಾಡು ಅಂತಾರೆ. ಅಂಗೆ ಮಾಡಿದ್ರೆ ಓಡ್ತದೆ, ಏರು ಬಂದ್ರೆ ಸತ್ತೋಗ್ತದೆ. ನಿಮಗೆ ಏರು ಹತ್ತಬೇಕು. ಅದಕ್ಕೆ ಬೇರೆ ದಾರಿ ಐತೆ.”

ಎರಡು ದಿನ ಹಿಡಿಯಿತು. ನಾನು ರಜೆ ಹಾಕಿ ಅಲ್ಲೇ ಸ್ಟೂಲಿನ ಮೇಲೆ ಕೂತೆ. ಒಳ್ಳೆಯ ಭಾಗ ತೆಗೆದು ಹಳೆಯದು ಹಾಕಿಬಿಟ್ಟಾರೆಂಬ ಅನುಮಾನ. ಇಂಜಿನ್ನಿನ ಹೆಡ್ಡನ್ನು ಬಿಚ್ಚಿ, ಗಾಜಿನ ಹಲಗೆಯ ಮೇಲೆ ಮರಳುಕಾಗದ ಹಾಸಿ, ಆಯಿಲ್ ಸುರಿದು, ರೊಟ್ಟಿ ತಟ್ಟುವಷ್ಟು ಹಗುರವಾಗಿ ಸುತ್ತಿ ಸುತ್ತಿ ಉಜ್ಜಿದರು. ಹೆಡ್ಡು ಕೂದಲಷ್ಟು ತೆಳ್ಳಗಾದರೆ ಒಳಗಿನ ಜಾಗ ಕಿರಿದಾಗಿ, ಪೆಟ್ರೋಲು ಬಿಗಿಯಾಗಿ ಸಿಡಿದು ಬಲ ಬರುತ್ತದಂತೆ. ಹೆಚ್ಚು ಉಜ್ಜಿದರೆ ಪಿಸ್ಟನ್ ತಲೆ ಅದಕ್ಕೆ ಬಡಿಯುತ್ತದೆ. ಎಷ್ಟು ಜಾಗ ಉಳಿದಿದೆ ಎಂದು ನೋಡಲು ಅವರು ಮಾಡಿದ್ದೇನೆಂದರೆ, ಮಧ್ಯಾಹ್ನದ ಊಟದ ತಟ್ಟೆಯಿಂದ ಕಡಲೆಕಾಳಿನಷ್ಟು ರಾಗಿಮುದ್ದೆ ಕಿತ್ತು ಪಿಸ್ಟನ್ನಿನ ಮೇಲಿಟ್ಟರು. ಹೆಡ್ಡು ಮುಚ್ಚಿ, ಪೆಡಲ್ ಒಂದು ಸುತ್ತು ತಿರುಗಿಸಿ, ಮತ್ತೆ ಬಿಚ್ಚಿ, ಅಪ್ಪಚ್ಚಿಯಾದ ಮುದ್ದೆಯ ದಪ್ಪವನ್ನು ಉಗುರಿಂದ ಅಳೆದರು. ಹಾಗೆ ಐದಾರು ಸಲ. ತಟ್ಟೆಯಲ್ಲಿ ಉಳಿದ ಮುದ್ದೆಯನ್ನು ಅದೇ ಕಪ್ಪು ಬೆರಳಿಂದ ಮುರಿದು ಸಾರಿನಲ್ಲಿ ಅದ್ದಿ ನುಂಗಿದರು. ನಾನು ರಸ್ತೆಯ ಕಡೆ ಮುಖ ತಿರುಗಿಸಿದೆ.

ಒಳಗಿನ ತೂತುಗಳನ್ನು ಸಣ್ಣ ಅರದಿಂದ ನುಣುಪು ಮಾಡಿದರು. ಸೈಲೆನ್ಸರನ್ನು ಬೆಂಕಿಗೆ ಹಿಡಿದು ಕಟ್ಟಿದ್ದ ಮಸಿ ಉದುರಿಸಿದರು. ಪೆಟ್ರೋಲ್ ಹಾಯುವ ಜೆಟ್ಟಿನ ಬದಲು ಒಂಚೂರು ದೊಡ್ಡ ತೂತಿನದು ಹಾಕಿದರು. ಹಿಂದಿನ ಚಕ್ರಕ್ಕೆ, ಚೈನು ಕೂರುವ ಕಡೆ, ಹೆಚ್ಚು ಹಲ್ಲಿನ ಸ್ಪ್ರಾಕೆಟ್ಟು ಕೂರಿಸಿದರು.

ಎರಡನೆಯ ದಿನ ಸಂಜೆ ಅವರ ಹೆಂಡತಿ ಎರಡು ಗ್ಲಾಸು ಟೀ ತಂದರು. ಮೇಸ್ತ್ರಿ ಒಂದನ್ನು ಎತ್ತಿ ನನಗೆ ಕೊಟ್ಟರು. ಹೆಬ್ಬೆರಳ ತುದಿ ಟೀಯೊಳಗೆ ಮುಳುಗಿತ್ತು. ತೆಗೆದುಕೊಂಡೆ. ಅವರು ಬಗ್ಗಿ ಚೈನು ಬಿಗಿಯುವಾಗ ಗ್ಲಾಸನ್ನು ಹಳೆಯ ಟೈರಿನ ರಾಶಿಯ ಹಿಂದೆ ಸುರಿದೆ. ತಲೆ ಎತ್ತಿದರೆ ಅವರು ನೋಡುತ್ತಿದ್ದರು. ಖಾಲಿ ಗ್ಲಾಸನ್ನು ನನ್ನ ಕೈಯಿಂದ ಇಸಕೊಂಡು ಒಳಗೆ ಹೋದರು. ಬರುವಾಗ ಕೈ ಒದ್ದೆಯಾಗಿತ್ತು, ಸೋಪಿನ ವಾಸನೆ ಬರುತ್ತಿತ್ತು. ಉಗುರಿನ ಕಪ್ಪು ಮಾತ್ರ ಹೋಗಿರಲಿಲ್ಲ. ಆಮೇಲೆ ಯಾವತ್ತೂ ನನಗೆ ಟೀ ಕೊಡಲಿಲ್ಲ. ನನ್ನ ಗಾಡಿ ಮುಟ್ಟುವ ಮುಂಚೆ ಪ್ರತಿ ಸಲವೂ ಕೈ ತೊಳೆದರು.

ಅದು ಶುಚಿಯ ಮಾತು, ನಾನು ಆರೋಗ್ಯ ಇಲಾಖೆಯವಳು, ಎಂದು ನನಗೆ ನಾನೇ ಹೇಳಿಕೊಂಡೆ. ನಮ್ಮಪ್ಪ ಗೊಬ್ಬರ ಎತ್ತಿದ ಕೈಯನ್ನು ಪಂಚೆಗೆ ಒರೆಸಿ ನನಗೆ ತುತ್ತು ಕೊಟ್ಟದ್ದನ್ನು ಉಂಡಿದ್ದೆ. ಗಣಿ ಕೂಲಿಯವರ ಮನೆಯ ಟೀ ಗಂಟಲಲ್ಲಿ ಇಳಿಯದೇ ಹೋದದ್ದಕ್ಕೆ ಕಾರಣ ಕೊಳೆಯಷ್ಟೇ ಅಲ್ಲ. ಯಾರ ಮನೆಯಲ್ಲಿ ನೀರು ಕುಡಿಯಬಾರದೆಂದು ನಮ್ಮೂರಿನಲ್ಲಿ ಯಾರೂ ಹೇಳಿಕೊಡದೆಯೇ ಎಲ್ಲರೂ ಕಲಿತಿರುತ್ತಿದ್ದೆವು. ನೆನೆದರೆ ಹೇಸಿಗೆಯಾಗುತ್ತದೆ.

ಗಾಡಿ ಮಾತ್ರ ಏರಿಗೆಂದೇ ಹುಟ್ಟಿದ್ದರ ಹಾಗೆ ಹತ್ತಿತು. ಡಬ್ಬ ತೆರೆದಾಗ ಐಸ್ ಗಟ್ಟಿಯಾಗಿಯೇ ಇರುತ್ತಿತ್ತು. ಕೂಲಿ ಬಿಟ್ಟು ಬಂದಿದ್ದವಳ ಮನೆಗೆ ನಾನೇ ಹೋಗಿ ಮಗುವಿಗೆ ಲಸಿಕೆ ಹಾಕಿ ಬಂದೆ. ಆಸ್ಪತ್ರೆಯಲ್ಲಿ ಡಾಕ್ಟರು ಮೆಚ್ಚಿ, “ಯಾರ ಹತ್ರ ಮಾಡಿಸಿದ್ರಿ?” ಎಂದರು. “ಬಂಗಾರಪೇಟೆಯ ದೊಡ್ಡ ವರ್ಕ್‌ಶಾಪಿನಲ್ಲಿ ಸಾರ್” ಎಂದೆ. ಅಂಥ ವರ್ಕ್‌ಶಾಪು ಯಾವುದೂ ಇರಲಿಲ್ಲ.

ಒಂದು ಸಲ ಚೈನು ಬಿಗಿಸಲು ಹೋದಾಗ ಮೇಸ್ತ್ರಿ ತಡೆದು ತಡೆದು ಕೇಳಿದರು. “ಅಮ್ಮಾ, ಹಳ್ಳಿಯಾಗೆ ಕೆಮ್ಮೋರ ಕಫ ಎತ್ಕೊಂಡು ಓಗಿ ಟೆಸ್ಟ್ ಮಾಡಿಸ್ತೀರಂತಲ್ಲ. ನಂದೂ ಒಂದು... ಈಚೆಗೆ ರಕ್ತ ಬತ್ತಾ ಐತೆ.”

ಕ್ಷಯ ಇರಬಹುದೆಂದು ವಾರಗಟ್ಟಲೆ ಕೆಮ್ಮುವವರನ್ನು ಮನೆಮನೆಗೆ ಹೋಗಿ ಹುಡುಕುವುದೂ ನನ್ನ ಕೆಲಸವಾಗಿತ್ತು. ಬ್ಯಾಗಿನಿಂದ ಮುಚ್ಚಳದ ಡಬ್ಬಿಯೊಂದನ್ನು ತೆಗೆದು ಅವರ ಕೈಗೆ ತಾಗದಂತೆ ಬೆಂಚಿನ ಮೇಲಿಟ್ಟೆ. ಬೆಳಿಗ್ಗೆ ಎದ್ದ ಕೂಡಲೇ ಹಿಡಿಯಿರಿ ಎಂದೆ. ಮರುದಿನ ಕೆಲಸಕ್ಕೆ ಹೊರಟಾಗ ಅವರು ರಸ್ತೆಯ ಬದಿ ಕಾದಿದ್ದರು. ಡಬ್ಬಿಯ ಹೊರಮೈ ತೊಳೆದು ಒರೆಸಿ, ಪೇಪರಿನಲ್ಲಿ ನೀಟಾಗಿ ಸುತ್ತಿ ತಂದಿದ್ದರು. ನನಗೆ ಆ ತಗಡಿನ ಡಬ್ಬಿ, ಆ ನೊಣಗಳು ಕಣ್ಣ ಮುಂದೆ ಬಂದವು.

“ಲಸಿಕೆ ಡಬ್ಬದ ಜೊತೆ ಇದನ್ನ ಇಡೋ ಹಾಗಿಲ್ಲ. ಆಂಡರ್ಸನ್‌ಪೇಟೆ ನನ್ನ ಏರಿಯಾನೂ ಅಲ್ಲ. ನೀವೇ ಆಸ್ಪತ್ರೆಗೆ ಹೋಗಿ ಕೊಡಿ” ಎಂದೆ.

“ಅಲ್ಲಿ ದಿನಾ ಕ್ಯೂ ನಿಲ್ಲಿಸ್ತಾರಮ್ಮಾ, ನಿಲ್ಲಾಕಾಗಲ್ಲ...” ಎಂದವರು ನನ್ನ ಮುಖ ನೋಡಿ ನಿಲ್ಲಿಸಿದರು. “ಸರಿ ಅಮ್ಮಾ, ನೀವು ಹೊರಡಿ. ಐಸು ಕರಗ್ತದೆ.”

ಹೆಗಲಲ್ಲಿ ಬ್ಯಾಗಿತ್ತು. ಅದರಲ್ಲಿ ಜಾಗವೂ ಇತ್ತು. ಆಕ್ಸಿಲರೇಟರ್ ತಿರುಗಿಸಿದೆ, ಅವರು ಬಲ ತುಂಬಿದ ಇಂಜಿನ್ನು ಒಂದೇ ಎಳೆತಕ್ಕೆ ನನ್ನನ್ನು ದೂರ ಒಯ್ದಿತು.

ಆಮೇಲೆ ಗಾಡಿ ಕೆಡಲೇ ಇಲ್ಲ. ಅಷ್ಟು ಚೆನ್ನಾಗಿ ಮಾಡಿದ್ದರು. ಹಾಗಾಗಿ ನಾನು ಆ ಕಡೆ ಹೋಗಲೂ ಇಲ್ಲ. ನಾಲ್ಕೈದು ತಿಂಗಳ ಮೇಲೆ ಬ್ರೇಕ್ ಸರಿಮಾಡಿಸಲು ಹೋದರೆ ಶೆಡ್ಡಿನ ಬಾಗಿಲು ಮುಚ್ಚಿತ್ತು. ಹಿಂದಿನ ಮನೆಯಿಂದ ಅವರ ಹೆಂಡತಿ ಹೊರಗೆ ಬಂದರು. ಹಣೆ ಖಾಲಿ ಇತ್ತು.

“ಓದ ತಿಂಗಳು ಓಗ್ಬಿಟ್ರಮ್ಮಾ. ಬೆಂಗಳೂರು ಆಸ್ಪತ್ರೆಗೆ ಅಂತ ಮಾರಿಕುಪ್ಪಂನಾಗೆ ರೈಲು ಹತ್ತಿಸ್ದೆ. ಅಲ್ಲಿ ಮೂರೇ ದಿನ. ಮೊದ್ಲೇ ಬರಬೇಕಾಗಿತ್ತು ಅಂದ್ರು ಡಾಕ್ಟ್ರು.”

ಆಕೆ ಒಳಗೆ ಹೋಗಿ ಬಟ್ಟೆಯ ಗಂಟೊಂದನ್ನು ತಂದು ಮೊಪೆಡ್ಡಿನ ಸೀಟಿನ ಮೇಲಿಟ್ಟರು, ನನ್ನ ಕೈಗೆ ಕೊಡಲಿಲ್ಲ. “ನಿಮ್ಮ ಗಾಡೀದು. ತೆಗೆದಿದ್ದು ಎಲ್ಲಾ ಐತಂತೆ, ಉಜ್ಜಿದ ಹೆಡ್ಡಿಗೆ ದಪ್ಪ ವಾಷರ್ ಮಾಡಿಟ್ಟವ್ರೆ. ಗೊತ್ತಿಲ್ದೋರು ಕೈ ಹಾಕಿದ್ರೆ ಏರಿನಾಗೆ ಇಂಜಿನ್ ಜಾಮಾಗಿ ಅಮ್ಮ ಬೀಳ್ತಾರೆ, ಮೊದ್ಲಿದ್ದಂಗೆ ಮಾಡಿಸ್ಕೊಳ್ಳಲಿ ಅಂತ ಹೇಳಿ ಓದ್ರು.”

ಬಾಯಿ ಒಣಗಿತ್ತು. “ಸ್ವಲ್ಪ ನೀರು ಕೊಡ್ತೀರಾ?” ಎಂದೆ.

ಆಕೆ ನನ್ನನ್ನೇ ನೋಡಿದರು. ಮುಖದಲ್ಲಿ ಕೋಪವಿರಲಿಲ್ಲ. “ರೋಡಿನಾಗೆ ನಲ್ಲಿ ಐತಮ್ಮಾ. ಚೆನ್ನಾಗಿರೋ ನೀರೇ ಬತ್ತದೆ” ಎಂದರು.

ಹೋಗಿ ನಲ್ಲಿಗೆ ಬೊಗಸೆಯೊಡ್ಡಿ ಕುಡಿದೆ. ಕುಡಿದದ್ದೆಲ್ಲ ಅಲ್ಲೇ ಚರಂಡಿಗೆ ವಾಂತಿಯಾಯಿತು.

ವರ್ಗವಾಗಿ, ಮದುವೆಯಾಗಿ, ನಿವೃತ್ತಿಯಾಗಿ ಈಗ ಬಂಗಾರಪೇಟೆಯಲ್ಲೇ ಇದ್ದೇನೆ. ಹುಲ್ಲು ಕತ್ತರಿಸುವವನು ಹೋದ ಮಾರನೆಯ ದಿನ ಬಸ್ಸು ಹತ್ತಿ ಆಂಡರ್ಸನ್‌ಪೇಟೆಗೆ ಹೋದೆ. ಶೆಡ್ಡಿದ್ದ ಜಾಗದಲ್ಲಿ ಮೊಬೈಲ್ ಅಂಗಡಿ. ಹಿಂದೆ ಮನೆ ಇಲ್ಲ. ಅಂಗಡಿಯವನನ್ನು ಕೇಳಿದೆ: ಇಲ್ಲಿ ಒಬ್ಬರು ಮೇಸ್ತ್ರಿ ಇದ್ದರು, ಅವರ ಮನೆಯವರು ಈಗ ಎಲ್ಲಿದ್ದಾರೆ?

“ಯಾವ ಮೇಸ್ತ್ರಿ ಅಜ್ಜಿ? ಹೆಸರೇನು?”

ನಾನು ಕೇಳಿಯೇ ಇರಲಿಲ್ಲ.