ಸರೋಜಕ್ಕನ ಗದ್ದೆಯಲ್ಲಿ ನನ್ನ ಸೊಟ್ಟ ಸಾಲು

ನನ್ನ ಬದಲು ನಾಟಿಗೆ ಕಳಿಸಿದ್ದ ಆಳು ಅರ್ಧ ಗಂಟೆಯಲ್ಲೇ ವಾಪಸು ಬಂದಳು. ಅವಳ ಹಿಂದೆಯೇ ಕೆಸರುಗಾಲಲ್ಲಿ ಪಕ್ಕದ ಮನೆಯ ಸರೋಜಕ್ಕ.

ನಾವು ಕಡಹಿನಬೈಲಿಗೆ ಬಂದ ಮೊದಲ ವರ್ಷ ಅದು. ಹಿಂದಿನ ವಾರ ಸರೋಜಕ್ಕ ಮತ್ತು ಐವರು ಹೆಂಗಸರು ಮುಯ್ಯಾಳಾಗಿ ಬಂದು ನಮ್ಮ ಗದ್ದೆ ನೆಟ್ಟುಕೊಟ್ಟಿದ್ದರು. ಪ್ರತಿಯಾಗಿ ಅವರ ಗದ್ದೆಗೆ ನಾನೂ ಹೋಗಬೇಕು. ಪೇಟೆಯಲ್ಲಿ ಬೆಳೆದ ನನಗೆ ನಾಟಿ ಗೊತ್ತಿಲ್ಲ. ಅದಕ್ಕೇ ಫೋನು ಮಾಡಿ, ಶೆಟ್ಟಿಕೊಪ್ಪದಿಂದ ನುರಿತ ಆಳನ್ನೇ ಕರೆಸಿ ಕಳಿಸಿ, ಜಾಣತನ ಮಾಡಿದೆ ಎಂದುಕೊಂಡಿದ್ದೆ.

“ಆಳು ಬೇಕಿದ್ರೆ ನಮಗೆ ಸಿಗ್ತಿರ್ಲಿಲ್ವಾ ಮಾರಾಯ್ತಿ? ಬರ್ಬೇಕಾಗಿದ್ದು ನೀನು” ಎಂದರು ಸರೋಜಕ್ಕ.

ನನಗೆ ನೆಡಲು ಬರುವುದಿಲ್ಲ ಎಂದೆ.

“ಬರ್ದಿದ್ರೆ ಎಂತ ಆಯ್ತು? ಬಾ.”

ಸೀರೆ ಎತ್ತಿ ಕಟ್ಟಿ ಗದ್ದೆಗಿಳಿದೆ. ಅವರೆಲ್ಲ ಹತ್ತು ಸಾಲು ಮುಗಿಸುವಷ್ಟರಲ್ಲಿ ನಾನು ನೆಟ್ಟಿದ್ದು ಒಂದೇ ಸಾಲು, ಅದೂ ಹಾವು ಹರಿದ ಹಾಗೆ. ಬದುವಿನ ಮೇಲೆ ಕೂತು ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ನಾಚಿಕೆಯಿಂದ ಸಸಿ ಕಿತ್ತು ಸರಿಮಾಡಲು ಹೋದರೆ ಸರೋಜಕ್ಕ ನನ್ನ ಕೈ ಹಿಡಿದು ತಡೆದರು.

ಪೈರು ಹಸಿರಾದ ಮೇಲೂ ಆ ಸಾಲು ಸೊಟ್ಟಗೇ ಇತ್ತು. ಮನೆಗೆ ಬಂದ ನೆಂಟರಿಗೆಲ್ಲ ಸರೋಜಕ್ಕ ಮೊದಲು ಅದನ್ನೇ ತೋರಿಸುತ್ತಿದ್ದರು: “ಅದು ನಮ್ಮವಳು ನೆಟ್ಟಿದ್ದು.”