ವಿಮಾನ ಕೆಡವಲು ಕಲಿಸಿದ ಫಕೀರಪ್ಪ

ಮೂರು ತಿಂಗಳು ಕೂತು ನಾನು ಮಾಡಿದ ವಿಮಾನವನ್ನು ಫಕೀರಪ್ಪನವರು ಮೊದಲ ದಿನವೇ ನೆಲಕ್ಕೆ ಕುಟ್ಟಿದರು. ಕೈ ತಪ್ಪಿ ಅಲ್ಲ, ಬೇಕಂತಲೇ. ಕಡಲೆ ಕಿತ್ತು ಖಾಲಿಯಾಗಿದ್ದ ಅಂತೂರ ಬೆಂತೂರ ಊರಿನ ಹೊಲದಲ್ಲಿ ಅದನ್ನು ಬೇವಿನ ಮರದೆತ್ತರಕ್ಕೆ ಏರಿಸಿ, ಒಂದು ಸುತ್ತು ಚೆಂದಾಗಿ ತಿರುಗಿಸಿ, ನನ್ನ ಕಣ್ಣಲ್ಲಿ ನೀರು ಬರುವಷ್ಟು ಖುಷಿ ಕೊಟ್ಟು, ಆಮೇಲೆ ರಿಮೋಟಿನ ಕಡ್ಡಿಯನ್ನು ಮುಂದಕ್ಕೆ ಒತ್ತಿಬಿಟ್ಟರು. ಹಸಿರು ಬಳಿದ ನನ್ನ ಥರ್ಮೋಕೋಲ್ ವಿಮಾನ ಮೂತಿ ಕೆಳಗೆ ಮಾಡಿ ಎರೆಮಣ್ಣಿಗೆ ಬಡಿಯಿತು.

"ಏನ್ ಮಾಡಿದ್ರಿ ಇದು?" ಎಂದೆ. ನಾನು ಶಾಲೆಯಲ್ಲಿ ಗಣಿತ ಕಲಿಸುವವಳು. ನನ್ನ ದನಿ ಏರಿದರೆ ಆಚೆ ಕೋಣೆಯ ಮಕ್ಕಳೂ ಸುಮ್ಮನಾಗುತ್ತಾರೆ. ಈ ಮನುಷ್ಯ ಮಾತ್ರ ಅಲುಗಾಡಲಿಲ್ಲ.

"ಮುರದೇನ್ರಿ ಅಕ್ಕೋರ. ಮೊದಲನೇದು ನಾನ ಮುರೀತೇನಿ. ಬರ್ರಿ, ಆರಸೂಣು," ಎಂದು ಚೂರು ಆರಿಸಲು ಹೊರಟರು.

ಶಿರಹಟ್ಟಿಯ ಕಡೆಯವರು, ಬೆಟಗೇರಿಯಲ್ಲಿ ಮೋಟಾರು ವೈಂಡಿಂಗ್ ಅಂಗಡಿ. ಸುಟ್ಟ ಪಂಪ್‌ಸೆಟ್ಟುಗಳ ರಾಶಿಯ ಮೇಲೆ ಸೂರಿನಿಂದ ಒಂದು ಹಳದಿ ವಿಮಾನ ತೂಗುತ್ತಿತ್ತು. ಮಿಕ್ಸಿ ರಿಪೇರಿಗೆ ಕೊಡಲು ಹೋದವಳು ಅದನ್ನು ನೋಡುತ್ತ ನಿಂತುಬಿಟ್ಟೆ. ನಲವತ್ತಾರು ವರ್ಷದ ಹೆಂಗಸು "ನನಗೂ ಕಲಸ್ತೀರೇನ್ರಿ" ಎಂದು ಕೇಳಿದರೆ ಯಾರಾದರೂ ನಗುತ್ತಾರೆ. ಅವರು ನಗದೆ ನನ್ನ ಹೆಬ್ಬೆರಳು ನೋಡಿದರು. "ಸುಣ್ಣಕಡ್ಡಿ ಹಿಡದ ಕೈ. ನಡಗಂಗಿಲ್ಲ. ನಡೀತೈತಿ," ಎಂದರು.

ಆ ಹಳದಿ ವಿಮಾನವನ್ನು ಅವರು ಹದಿನಾರು ವರ್ಷದ ಹಿಂದೆ ಹಗುರ ಕಟ್ಟಿಗೆಯಲ್ಲಿ ತಾವೇ ಮಾಡಿದ್ದು. ಅದನ್ನು ಇನ್ನೊಬ್ಬರ ಕೈಗೆ ಕೊಟ್ಟದ್ದಿಲ್ಲ. ಹಾರಿಸಿ ಬಂದ ಮೇಲೆ ಧೋತರದ ಚುಂಗಿನಿಂದ ಅದರ ರೆಕ್ಕೆ ಒರೆಸುತ್ತ ಕೂರುತ್ತಿದ್ದರು. "ಮನ್ಯಾಗ ನನಗೊಬ್ಬಾಕಿ ಸವತಿ ಅದಾಳ್ರಿ," ಎಂದು ಅವರ ಹೆಂಡತಿ ಶಾಂತವ್ವ ನನ್ನೆದುರೇ ಅನ್ನುತ್ತಿದ್ದರು.

ಮುರಿದ ವಿಮಾನವನ್ನು ಅಂಟಿಸಿಕೊಂಡು ಪ್ರತಿ ರವಿವಾರ ಬೆಳಿಗ್ಗೆ ಹೋಗತೊಡಗಿದೆ. ಗಾಳಿಯ ದಿಕ್ಕು ತಿಳಿಯಲು ದೂರದ ಗುಡ್ಡದ ಮೇಲಿನ ಗಾಳಿಯಂತ್ರಗಳನ್ನು ತೋರಿಸಿ, "ಫ್ಯಾನಿನ ಮಾರಿ ಯಾ ಕಡೆ ಐತಿ ಮೊದಲ ಅದನ್ನ ಹೇಳ್ರಿ," ಎನ್ನುತ್ತಿದ್ದರು. ವಿಮಾನ ನಮ್ಮಿಂದ ದೂರ ಹೋಗುವಾಗ ಎಲ್ಲ ಸಸೂತ್ರ. ನಮ್ಮತ್ತ ಮುಖ ಮಾಡಿದ ಕೂಡಲೇ ಎಡ ಬಲವಾಗಿ, ಬಲ ಎಡವಾಗಿ ತಲೆ ಕೆಟ್ಟುಹೋಗುತ್ತದೆ. ಅದಕ್ಕವರು, "ಯಾ ರೆಕ್ಕಿ ಕೆಳಗ ಬಿದ್ದೈತಿ, ಆ ಕಡೆ ಕಡ್ಡಿ ಒತ್ರಿ. ಬಿದ್ದಾವ್ರಿಗೆ ಹೆಗಲ ಕೊಟ್ಟಂಗ," ಎಂದರು. ಗಣಿತದವಳಿಗೆ ಅಷ್ಟು ದಿನ ಹೊಳೆಯದ್ದು ಆ ಮಾತಿಗೆ ಹೊಳೆಯಿತು. ನಾಲ್ಕೇ ವಾರದಲ್ಲಿ ಸಲೀಸಾಗಿ ಸುತ್ತು ಹೊಡೆಸತೊಡಗಿದೆ, ಸೊಕ್ಕೂ ಬಂತು.

ಸೊಕ್ಕು ಇಳಿದದ್ದು ಒಂದೇ ಗಳಿಗೆಯಲ್ಲಿ. ಗಾಳಿ ತಿರುಗಿ ನನ್ನ ವಿಮಾನ ಪಕ್ಕದ ಹೊಲದತ್ತ ಜಾರಿತು. ಅಲ್ಲಿ ಹೆಣ್ಣುಮಕ್ಕಳು ಮೆಣಸಿನಕಾಯಿ ಬಿಡಿಸುತ್ತಿದ್ದರು.

"ಕೆಡವ್ರಿ," ಎಂದರು ಫಕೀರಪ್ಪನವರು.

"ತಿರುಗಸ್ತೇನ್ರಿ."

"ಕೆಡವ್ರಿ ಅಂದೆ."

ನನ್ನ ಹೆಬ್ಬೆರಳು ಏಳಲಿಲ್ಲ. ಮತ್ತೆ ಅಂಟಿಸಿ, ಮತ್ತೆ ಬಣ್ಣ ಬಳಿದ ವಿಮಾನ ಅದು. ಅವರು ರಿಮೋಟು ಕಿತ್ತುಕೊಂಡು ಕಡ್ಡಿ ಒತ್ತಿದರು. ಒಬ್ಬಾಕೆಯ ಎದುರು ಎರಡೇ ಮಾರು ದೂರದಲ್ಲಿ ಅದು ನೆಲಕ್ಕೆ ನಾಟಿಕೊಂಡಿತು. ಆಕೆ ನಿಂತಲ್ಲೇ ನಿಂತಳು. ಉಡಿಯ ಮೆಣಸಿನಕಾಯಿಯೆಲ್ಲ ಚೆಲ್ಲಿ ಹೋಗಿತ್ತು. ಮೂತಿಯ ಪಂಖ ಇನ್ನೂ ಮಣ್ಣು ಎಗರಿಸುತ್ತಿತ್ತು. ನಾನು ಹೊಲದ ಬದುವಿನ ಮೇಲೆ ಕೂತುಬಿಟ್ಟೆ.

ಅವರು ಆಕೆಯ ಕ್ಷಮೆ ಕೇಳಿ, ಚೆಲ್ಲಿದ್ದನ್ನು ಆರಿಸಿಕೊಟ್ಟು ಬಂದರು. ಬೈಯಲಿಲ್ಲ. "ಇದನ್ನ ಮತ್ತ ಮಾಡಬಹುದ್ರಿ. ಅಕಿನ್ನ ಮಾಡಾಕ ಬರಂಗಿಲ್ಲ," ಎಂದರು. ಆಮೇಲೆ, "ಹಾರಸೋದು ಬಂತು ನಿಮಗ. ಕೆಡವೋದು ಬರೋತನಕ ನಾ ಬಾಜೂಕ ನಿಂದ್ರಾವ," ಎಂದರು. ಮೊದಲ ದಿನ ಅವರು ಯಾಕೆ ಮುರಿದರು ಎಂಬುದು ನನಗೆ ಆಗ ತಿಳಿಯಿತು.

ಹಾಗೆ ವರ್ಷದ ಮೇಲಾಯಿತು. ಒಬ್ಬಳೇ ಹಾರಿಸಲು ನನಗೆ ಅಪ್ಪಣೆ ಸಿಗಲಿಲ್ಲ. ಒಂದು ರವಿವಾರ ಅವರು ಆ ಹಳದಿ ವಿಮಾನ ತಂದು, ರಿಮೋಟನ್ನು ನನ್ನ ಕೈಗೆ ಕೊಟ್ಟರು.

"ಬ್ಯಾಡ್ರಿ, ಇದು ನಿಮ್ಮದು."

"ನನ್ನ ಹೆಬ್ಬಟ್ಟು ಈಗ ಹೇಳಿದ ಮಾತು ಕೇಳಂಗಿಲ್ರಿ," ಎಂದು ಕೈ ಚಾಚಿ ತೋರಿಸಿದರು. ಅದು ನಡುಗುತ್ತಿತ್ತು.

ಹಾರಿಸಿದೆ. ಅಂಥ ವಿಮಾನ ನಾನು ಮತ್ತೆ ಮುಟ್ಟಿಲ್ಲ, ಬೆರಳು ಅಲುಗಿದರೆ ಸಾಕು ತಿರುಗುತ್ತಿತ್ತು. ಇಳಿಸಲು ಕೆಳಗೆ ತಂದಾಗ, ಗಾಡಿದಾರಿಯಲ್ಲಿ ಬೈಕು ನಿಲ್ಲಿಸಿದ ಗಂಡಹೆಂಡತಿ ಕೂಸನ್ನೆತ್ತಿಕೊಂಡು ನೋಡಲೆಂದು ನೇರ ಅದರ ದಾರಿಗೇ ನಡೆದು ಬಂದರು. ವಿಮಾನವನ್ನು ಮತ್ತೆ ಮೇಲೇರಿಸಿದ್ದರೆ ಅವರ ತಲೆ ಮೇಲಿಂದ ದಾಟುತ್ತಿತ್ತೋ ಏನೋ. ನಾನು ಕಡ್ಡಿ ಒತ್ತಿಬಿಟ್ಟೆ. ಚಟ್ಟೆಂದು ಸದ್ದಾಗಿ ಹದಿನೇಳು ವರ್ಷದ ವಿಮಾನ ಎರಡು ತುಂಡಾಯಿತು.

ನಾನೇ ಮಾಡಿದೆನೆಂದು ನನಗೇ ನಂಬಿಕೆ ಬರಲಿಲ್ಲ. ಫಕೀರಪ್ಪನವರ ಮುಖ ನೋಡುವ ಧೈರ್ಯವೂ ಆಗಲಿಲ್ಲ. ಅವರು ಹೋಗಿ ತುಂಡುಗಳನ್ನು ಟವೆಲ್ಲಿನಲ್ಲಿ ಕಟ್ಟಿಕೊಂಡು ಬಂದರು. "ಆತ್ರಿ ಅಕ್ಕೋರ. ಇನ್ನ ನಾ ಬಾಜೂಕ ನಿಂದ್ರೋದು ಬ್ಯಾಡ," ಎಂದಷ್ಟೇ ಹೇಳಿ ಸ್ಕೂಟರ್ ಹತ್ತಿದರು.

ಬುಧವಾರ ಶಾಲೆಯಲ್ಲಿ ಪಾಠದ ನಡುವೆ ಫೋನು ಬಂತು. ಫಕೀರಪ್ಪನವರು ಅಂಗಡಿಯಲ್ಲಿ ಕೂತಲ್ಲೇ ತೀರಿಕೊಂಡಿದ್ದರು. ನಾನು ಫೋನಿಟ್ಟು ಬೋರ್ಡಿಗೆ ತಿರುಗಿ ಅರ್ಧ ಬಿಟ್ಟ ಲೆಕ್ಕ ಮುಗಿಸಿದೆ. ಉತ್ತರ ತಪ್ಪಾಗಿದೆಯೆಂದು ಮಕ್ಕಳು ಹೇಳಿದಾಗಲೇ ಸುದ್ದಿ ನನ್ನೊಳಗೆ ಇಳಿದದ್ದು. ಆಮೇಲೆ ಒಂದೇ ಯೋಚನೆ ತಿನ್ನತೊಡಗಿತು: ನಾನು ವಿಮಾನ ಮುರಿದದ್ದೇ ಅವರ ಎದೆಗೆ ಬಡಿಯಿತೇ?

ಹದಿನೈದು ದಿನ ಕಳೆದ ಮೇಲೆ ಅಂಗಡಿಗೆ ಹೋದೆ. ಮೇಜಿನ ಮೇಲೆ ಹಳದಿ ವಿಮಾನ ಎರಡು ತುಂಡಾಗಿ ಹಾಗೇ ಇತ್ತು, ಅಂಟಿನ ಹನಿಯೂ ತಾಕಿರಲಿಲ್ಲ.

"ನನ್ನಿಂದ ತಪ್ಪಾತ್ರಿ," ಎಂದೆ. ಅಷ್ಟರಲ್ಲೇ ಅಳು ಬಂತು.

ಶಾಂತವ್ವ ನನ್ನ ಕೈ ಹಿಡಿದುಕೊಂಡರು. "ಏನ್ ತಪ್ಪ ಅಕ್ಕೋರ? ಅಂಟಸ್ರಿ ಅಂದ್ರ ಇರ್ಲಿ ಬಿಡು ಅಂದ್ರು. ಮೂರ ದಿನ, ಮೋಟಾರ ಒಯ್ಯಾಕ ಬಂದಾವ್ರಿಗೆಲ್ಲ ಎತ್ತಿ ಎತ್ತಿ ತೋರ್ಸಿದ್ರು, 'ನೋಡ್ರಿಲ್ಲೆ, ಇದನ್ನ ನಮ್ಮ ಅಕ್ಕೋರ ಮುರದಾರ' ಅಂತ."