ಪಟ್ಟಿಯಲ್ಲಿ ಎಳೆದ ಗೆರೆ

ಆಗ ನನಗೆ ಎಪ್ಪತ್ತೊಂದು. ಮೂರು ವರ್ಷದ ಹಿಂದಿನ ಮಾತು. ಅಮೆರಿಕದ ಸ್ಟಾಫರ್ಡಿನಲ್ಲಿ ಮಗಳ ಪಕ್ಕದ ಮನೆಯ ಐರ್ಲೆಂಡಿನ ಮುದುಕಿ ಒಂದು ದಿನ ಕೇಕು ಹಿಡಕೊಂಡು ಬಂದಳು. ಕೇಕು ಕಂಡಾಗಲೇ ನನಗೆ ಅನುಮಾನ, ಇವಳಿಗೆ ಏನೋ ಬೇಕಾಗಿದೆ ಅಂತ.

ಬೇಕಾಗಿದ್ದುದು ನಾವು. ಅವಳ ದೇಶದವರು ನೂರು ವರ್ಷಕ್ಕೂ ಹಿಂದೆ ಇಂಗ್ಲಿಷರ ಮೇಲೆ ಬಂಡೆದ್ದಿದ್ದರಂತೆ. ಅದರ ನೆನಪಿನ ದಿನಕ್ಕೆ ಈ ಸಲ ಅವರ ಕ್ಯಾಥೊಲಿಕ್, ಪ್ರಾಟೆಸ್ಟೆಂಟ್ ಎರಡೂ ಚರ್ಚಿನವರು, ನಮ್ಮಂಥವರು, ಎಲ್ಲರೂ ಸೇರಬೇಕು ಅಂದಳು.

"ನಮಗೂ ಅದಕ್ಕೂ ಏನೇ ಸಂಬಂಧ?" ಅಂತ ಮಗಳನ್ನ ಕೇಳಿದೆ.

"ಎಲ್ಲರನ್ನೂ ಇನ್‌ಕ್ಲೂಡ್ ಮಾಡ್ತಿದ್ದಾರೆ ಕಣಮ್ಮ."

"ಹೂಂ. ರೇಷ್ಮೆ ಸೀರೆ ಉಡಿಸಿ ಫೋಟೋದ ತುದೀಲಿ ನಿಲ್ಲಿಸ್ತಾರೆ. ಆಮೇಲೆ ಸಮೋಸ ಕೇಳ್ತಾರೆ."

ಆದರೂ ನೋಡೇ ಬಿಡಾಣ ಅಂತ ಮಿಸೌರಿ ಸಿಟಿ ಲೈಬ್ರರಿಯ ಮೀಟಿಂಗಿಗೆ ಹೋದೆ. ಮಗಳು ಪಕ್ಕ ಕೂತು ಅವರ ಮಾತು ನನಗೆ, ನನ್ನ ಮಾತು ಅವರಿಗೆ ಹೇಳ್ತಿದ್ದಳು. ಪೂರ್ತಿ ಹೇಳ್ತಿದ್ದಳೋ ಇಲ್ಲವೋ, ಅದೂ ಅನುಮಾನವೇ.

ಕ್ಲಿಯರ್ ಲೇಕ್ ಅನ್ನೋ ಊರಿನಿಂದ ಕೋಲೂರಿಕೊಂಡು ಬಂದಿದ್ದ ಮುದುಕ ಒಬ್ಬನೇ ಮೂಲೇಲಿ ಕೂತಿದ್ದ. ಅವನ ತಾತ ಆ ಕಾಲದಲ್ಲಿ ಇಂಗ್ಲಿಷರ ಕೈಕೆಳಗೆ ಪೊಲೀಸು. ಬಂಡಾಯದವರೇ ಗುಂಡು ಹೊಡೆದು ಕೊಂದರಂತೆ. ನೆನಪಿನ ದಿನ, ಬಂಡಾಯದಲ್ಲಿ ಸತ್ತವರ ಹೆಸರು ಗಟ್ಟಿಯಾಗಿ ಓದುತ್ತಾರಲ್ಲ, ಅದರಲ್ಲಿ ತಾತನ ಹೆಸರೂ ಬರಬೇಕು, ಸಾಯೋದರೊಳಗೆ ಒಂದು ಸಲ ಕೇಳಬೇಕು ಅಂದ.

ಆ ದಿನ ಬಾರಿಸಬೇಕಿದ್ದ, ಡಾಲಸ್‌ನಿಂದ ಬಂದ ವಾದ್ಯದವನು, "ಅವನ ಹೆಸರು ಓದಿದರೆ ನಾವು ಬಾರಿಸಲ್ಲ" ಅಂದ.

ಎಲ್ಲರೂ ಸೇರಬೇಕು ಅಂದಿದ್ದ ನಮ್ಮ ಮುದುಕಿ ಕಾಗದ ನೋಡ್ತಾ ಕೂತಳು. ಆಮೇಲೆ ನನ್ನ ಕಡೆ ತಿರುಗಿ, ನಿಮ್ಮಲ್ಲಿ ಸತ್ತವರನ್ನ ಹೆಂಗೆ ನೆನೀತೀರಿ ಅಂದಳು. ಮಾತು ತಪ್ಪಿಸೋಕೇ ಕೇಳಿದ್ದು.

ನಾನೂ ಬಿಡಲಿಲ್ಲ. "ಹಿರೀಕರ ಹಬ್ಬದಲ್ಲಿ ಎಡೆ ಇಡ್ತೀವಿ. ಬಾಡು, ಮುದ್ದೆ, ಕುಡೀತಿದ್ದೋರಿಗೆ ಹೆಂಡ. ನಮ್ಮ ಮಾವನ್ನ ಅವನ ತಮ್ಮನೇ ಬದುವಿನ ಜಗಳದಲ್ಲಿ ಕಡಿದು ಹಾಕಿದ. ಇಬ್ಬರಿಗೂ ಎಲೆ ಹಾಕ್ತೀವಿ."

"ಪಕ್ಕಪಕ್ಕದಲ್ಲೇ?" ಅಂತ ವಾದ್ಯದವನು ನಕ್ಕ.

"ಮತ್ತೆ? ಅವನಿಗೆ ಕೊಟ್ಟಿಗೇಲಿ ಹಾಕಾಣವಾ? ಎಡೆ ಇಟ್ಟು, ಬಾಗಿಲು ಮುಚ್ಚಿ ಆಚೆ ಬರ್ತೀವಿ. ಒಳಗೆ ಉಣ್ಣಲಿ, ಕಿತ್ತಾಡಲಿ, ಅದು ಅವರ ಪಾಡು. ನೀನು ಯಾಕಪ್ಪ ಒಳಗೆ ಕೂರ್ತೀಯ?"

ಮಗಳು ಅದನ್ನ ಹೇಳಿ ಮುಗಿಸಿದ ಮೇಲೆ ವಾದ್ಯದವನು ಭುಜ ಕುಣಿಸಿ, ಏನಾದರೂ ಮಾಡ್ಕೊಳ್ಳಿ ಅಂದ. ಹೆಸರು ಸೇರಿಸ್ತೀನಿ, ನಾಳೆ ಬೆಳಗ್ಗೆಗೆ ಟೈಪ್ ಮಾಡಿಡ್ತೀನಿ ಅಂದಳು ಮುದುಕಿ. ಕ್ಲಿಯರ್ ಲೇಕಿನವನ ಮುಖ ನೋಡಿದೆ. ಅವನೂ ನಂಬಿರಲಿಲ್ಲ. ನನ್ನ ಸಂಚಿಯಲ್ಲಿದ್ದ ಕ್ಯಾಲೆಂಡರಿನ ಹಾಳೆ ಕೊಟ್ಟು, ತಾತನ ಹೆಸರು ದಪ್ಪಗೆ ಬರೆಸಿಕೊಂಡೆ.

ಮಾರನೆ ಬೆಳಗ್ಗೆ ಎದ್ದವಳೇ ಮುದುಕಿಯ ಮನೆಗೆ ಹೋದೆ. ಅವಳು ನಗ್ತಾ ಕಾಫಿ ತಂದಿಟ್ಟಳು. ಪಟ್ಟಿ ತಗೊಂಡು, ಹಾಳೆ ಪಕ್ಕ ಇಟ್ಟುಕೊಂಡು, ಇಂಗ್ಲಿಷ್ ಬರದಿದ್ದರೂ ಅಕ್ಷರದ ಆಕಾರ ಹೋಲಿಸ್ತಾ, ಒಂದೊಂದೇ ಸಾಲಿನ ಮೇಲೆ ಬೆರಳು ಇಳಿಸಿದೆ. ಹೆಸರು ಇತ್ತು. ಎಲ್ಲರಿಗಿಂತ ಕೆಳಗೆ, ಅಡ್ಡಕ್ಕೆ ಒಂದು ಗೆರೆ ಎಳೆದು, ಆ ಗೆರೆಯ ಆಚೆ.

ಗೆರೆ ಮೇಲೆ ಬೆರಳಿಟ್ಟು ಅವಳ ಮುಖ ನೋಡಿದೆ. ಇಂಗ್ಲಿಷಲ್ಲಿ ಏನೇನೋ ಹೇಳಿದಳು. ನಾನು ಬೆರಳು ತೆಗೆಯಲಿಲ್ಲ. ಕಾಫಿ ಲೋಟಾನ ಅವಳ ಕಡೆಗೇ ತಳ್ಳಿದೆ. ಅವಳು ಎದ್ದು ಕಂಪ್ಯೂಟರಿನ ಮುಂದೆ ಕೂತು, ಗೆರೆ ಇಲ್ಲದ ಇನ್ನೊಂದು ಪಟ್ಟಿ ತೆಗೆದು ಕೊಡೋವರೆಗೂ ಹಂಗೇ ಕೂತಿದ್ದೆ. ಅದನ್ನೂ ಮೇಲಿಂದ ಕೆಳಗೆ ಬೆರಳಿಟ್ಟು ನೋಡಿ, ಆಮೇಲೆ ಆರಿದ ಕಾಫಿ ಕುಡಿದೆ.